ನಡುರಾತ್ರಿಯ ಕೊಡೆ, ನಡುಹಗಲಿನ ಬಿಸಿಲು

‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹೊಸದಾಗಿ ಸಿರಿ ಬಂದವನ ಆಡಂಬರವನ್ನು ಹಳಿಯಲು ನಾವು ಇದನ್ನು ಬಳಸುತ್ತೇವೆ. ಗಾದೆಯನ್ನು ಸ್ವಲ್ಪ ನಿಧಾನವಾಗಿ ಓದಿದರೆ ಅದರೊಳಗೆ ಒಂದು ಸಾಮಾಜಿಕ ಚರಿತ್ರೆಯೇ ಅಡಗಿರುವುದು ಕಾಣುತ್ತದೆ. ಅರ್ಧರಾತ್ರಿಯಲ್ಲಿ ಬಿಸಿಲಿಲ್ಲ. ಆದ್ದರಿಂದ ಆ ಮನುಷ್ಯ ಕೊಡೆ ಹಿಡಿದದ್ದು ನೋಡುವವರ ಕಣ್ಣಿಗಾಗಿ. ಕೊಡೆಯೆಂಬುದು ಮೊದಲು ಅಂತಸ್ತಿನ ಗುರುತು, ಆಮೇಲೆ ನೆರಳಿನ ಸಾಧನ ಎಂಬ ತಿಳಿವಳಿಕೆ ಗಾದೆ ಕಟ್ಟಿದವರಿಗೂ ಕೇಳಿದವರಿಗೂ ಇದ್ದುದರಿಂದಲೇ ಅದು ಅರ್ಥವಾಗುತ್ತದೆ, ನಗು ಬರಿಸುತ್ತದೆ.

ಬಿಸಿಲಿನಿಂದ ಮೈಯನ್ನು ಕಾಯ್ದುಕೊಳ್ಳುವುದು ಕೇವಲ ಆರೋಗ್ಯದ ವಿಷಯವೆಂದು ನಾವು ಭಾವಿಸುತ್ತೇವೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಯಾರು ತಲೆಗೆ ಮರೆ ಮಾಡಿಕೊಳ್ಳಬೇಕು, ಯಾರು ನೆರಳಿನಲ್ಲಿರಬೇಕು, ಯಾರು ಬಿಸಿಲಿನಲ್ಲಿ ಬೆಂದರೂ ನಡೆದೀತು ಎಂಬುದನ್ನು ಬಿಸಿಲಿನ ತೀಕ್ಷ್ಣತೆಗಿಂತ ಹೆಚ್ಚಾಗಿ ನಿರ್ಧರಿಸಿದ್ದು ಮಾನ, ಅಂತಸ್ತು, ಮೈಬಣ್ಣಗಳನ್ನು ಕುರಿತು ಮನಸ್ಸಿನ ಆಳದಲ್ಲಿ ಕುಳಿತ ಧೋರಣೆಗಳು. ಇವುಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೇಳಿದರೆ ಬಹುಪಾಲು ಜನ ಅಲ್ಲಗಳೆಯುತ್ತಾರೆ. ಆದರೂ ಕೈ ಕೊಡೆಯತ್ತ ಹೋಗುವುದೂ ಹೋಗದಿರುವುದೂ ಇವುಗಳ ಅಪ್ಪಣೆಯಂತೆಯೇ ನಡೆಯುತ್ತದೆ. ಬೆಳಗಾವಿ ಮತ್ತು ಖಾನಾಪುರದ ನೆಲದಲ್ಲಿ ನಿಂತು ಈ ಚರಿತ್ರೆಯನ್ನು ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಂಪಿನ ಊರಿನ ಬಿಸಿಲು

ಬೆಳಗಾವಿ ತಂಪಿನ ಊರೆಂಬ ಹೆಸರು ಪಡೆದಿದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಪಶ್ಚಿಮದಿಂದ ಬೀಸುವ ಗಾಳಿ, ಸಂಜೆಯ ಹಿತವಾದ ಹವೆ ಇವೆಲ್ಲ ಸೇರಿ ‘ನಮ್ಮಲ್ಲಿ ಬಿಸಿಲಿನ ಬಾಧೆ ಕಡಿಮೆ’ ಎಂಬ ನಂಬಿಕೆಯನ್ನು ಬೆಳೆಸಿವೆ. ದಕ್ಷಿಣಕ್ಕೆ ಖಾನಾಪುರವಂತೂ ಕಾಡು, ಮಳೆ, ಮಂಜುಗಳ ಸೀಮೆ. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಈ ತಾಲ್ಲೂಕಿನಲ್ಲಿಯೇ. ಆದರೆ ಸೆಕೆಯೂ ನೇರಳಾತೀತ ಕಿರಣವೂ ಒಂದೇ ಅಲ್ಲ. ಸೆಕೆ ಮೈಗೆ ತಿಳಿಯುತ್ತದೆ, ನೇರಳಾತೀತ ಕಿರಣ ತಿಳಿಯುವುದಿಲ್ಲ. ತಂಪುಗಾಳಿ ಅದನ್ನು ತಡೆಯುವುದಿಲ್ಲ. ತೆಳುಮೋಡವೂ ಪೂರ್ತಿಯಾಗಿ ತಡೆಯುವುದಿಲ್ಲ. ಎತ್ತರ ಸಾವಿರ ಮೀಟರ್ ಏರಿದರೆ ಅದರ ಪ್ರಮಾಣ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ. ಹೆಚ್ಚುಕಡಿಮೆ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಪ್ರದೇಶದಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ, ಮೇ ತಿಂಗಳ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಎರಡನೆಯ ವಾರದಲ್ಲೊಮ್ಮೆ, ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆ ನಡುಹಗಲಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟಿನದು ಮಳೆಯ ಮೋಡದಲ್ಲಿ ಮರೆಯಾಗುತ್ತದೆ. ಮೇ ತಿಂಗಳದು ಗದ್ದೆ, ರಸ್ತೆ, ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುವವರ ನೆತ್ತಿಯ ಮೇಲೆ ಬೀಳುತ್ತದೆ.

ಬೆಳ್ಗೊಡೆಯ ಕೆಳಗೆ

ನಮ್ಮ ಶಾಸನಗಳಲ್ಲಿ ಅರಸನ ಆಳ್ವಿಕೆಯನ್ನು ‘ಏಕಚ್ಛತ್ರಛಾಯೆ’ ಎಂದು ಬಣ್ಣಿಸುವ ರೂಢಿಯಿದೆ. ರಾಜ್ಯವೆಂದರೆ ಒಂದು ಕೊಡೆಯ ನೆರಳು. ಹಳಗನ್ನಡದ ಬೆಳ್ಗೊಡೆ, ಸತ್ತಿಗೆ ಎಂಬ ಮಾತುಗಳು ರಾಜಚಿಹ್ನೆಗಳ ಸಾಲಿನಲ್ಲಿ ಸಿಂಹಾಸನ, ಚಾಮರಗಳ ಜತೆಗೆ ನಿಲ್ಲುತ್ತವೆ. ಒಬ್ಬ ಸಾಮಂತನಿಗೆ ಬಿಳಿಯ ಕೊಡೆಯನ್ನು ದಯಪಾಲಿಸುವುದೆಂದರೆ ಅವನ ಪದವಿಯನ್ನು ಏರಿಸುವುದು. ಯುದ್ಧದಲ್ಲಿ ಶತ್ರುವಿನ ಕೊಡೆಯನ್ನು ಕಿತ್ತುಕೊಳ್ಳುವುದೆಂದರೆ ಅವನ ಮಾನವನ್ನೇ ಕಿತ್ತುಕೊಳ್ಳುವುದು. ಜಿನಬಿಂಬಗಳ ನೆತ್ತಿಯ ಮೇಲೆ ಕೆತ್ತುವ ಮುಕ್ಕೊಡೆಯೂ ಇದೇ ಭಾಷೆಯಲ್ಲಿ ಮಾತನಾಡುತ್ತದೆ. ಮೂರು ಲೋಕಗಳ ಒಡೆತನವನ್ನು ಅದು ಸೂಚಿಸುತ್ತದೆ. ಎಲ್ಲವನ್ನೂ ಬಿಟ್ಟವನಿಗೆ ಬಿಸಿಲಿನ ಮರೆ ಬೇಕಿಲ್ಲವೆಂಬುದು ಶಿಲ್ಪಿಗೆ ತಿಳಿಯದ ಸಂಗತಿಯೇನಲ್ಲ.

ದಿಗಂಬರ ಮುನಿಯ ಬದುಕು ಈ ರಾಜಭಾಷೆಗೆ ನೇರ ಎದುರಾದುದು. ಅವರಿಗೆ ಕೊಡೆಯಿಲ್ಲ, ಪಾದರಕ್ಷೆಯಿಲ್ಲ. ಖಾನಾಪುರ ತಾಲ್ಲೂಕಿನ ಹಲಸಿ, ಅಂದರೆ ಕದಂಬರ ಪಲಾಶಿಕಾ, ನಮ್ಮ ನಾಡಿನ ಅತ್ಯಂತ ಹಳೆಯ ಜೈನ ದಾನಶಾಸನಗಳು ದೊರೆತ ಸ್ಥಳಗಳಲ್ಲೊಂದು. ಅಲ್ಲಿನ ತಾಮ್ರಪಟಗಳು ಮಳೆಗಾಲದ ನಾಲ್ಕು ತಿಂಗಳು ಮುನಿಗಳ ಆಹಾರಕ್ಕೆ ಏರ್ಪಾಡು ಮಾಡಿದ ಸಂಗತಿಯನ್ನು ದಾಖಲಿಸುತ್ತವೆ. ಮಳೆಯಲ್ಲಿ ಸಂಚಾರ ನಿಲ್ಲಿಸುವುದು ಕಾಲ ಕೆಳಗೆ ಸಾಯುವ ಸಣ್ಣ ಜೀವಿಗಳ ದೆಸೆಯಿಂದ. ಬಿಸಿಲಿಗೆ ಅಂತಹ ವಿರಾಮವಿಲ್ಲ. ಬದಲಿಗೆ ಬೇಸಿಗೆಯಲ್ಲಿ ಬಯಲಿನಲ್ಲಿ ನಿಂತು ತಪಿಸುವ ಆತಾಪನಯೋಗವಿದೆ. 22 ಪರೀಷಹಗಳಲ್ಲಿ ಉಷ್ಣಪರೀಷಹವೂ ಒಂದು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮುನಿ ಬಿಸಿಲನ್ನು ತಾನಾಗಿ ಆರಿಸಿಕೊಂಡವರು. ಗದ್ದೆಯಲ್ಲಿ ಬಾಗಿ ನಿಂತವರಿಗೆ ಆ ಆಯ್ಕೆ ಇರಲಿಲ್ಲ. ತ್ಯಾಗಿಯ ಬಿಸಿಲನ್ನು ಪೂಜಿಸಿದ ಸಮಾಜ ದುಡಿಯುವವರ ಬಿಸಿಲನ್ನು ಕಾಣದೇ ಹೋಯಿತು.

ಕಾಣದೇ ಹೋದದ್ದಷ್ಟೇ ಅಲ್ಲ, ಕೆಲವೆಡೆ ನೆರಳನ್ನು ನಿಷೇಧಿಸಿಯೂ ಇತ್ತು. 19ನೆಯ ಶತಮಾನದ ತಿರುವಾಂಕೂರಿನಲ್ಲಿ ನಾಡಾರ್ ಸಮುದಾಯದವರು ಕೊಡೆ ಹಿಡಿಯುವಂತಿರಲಿಲ್ಲ, ಕಾಲಿಗೆ ಮೆಟ್ಟು ಹಾಕುವಂತಿರಲಿಲ್ಲ. ಕೊಡೆಯೆಂಬುದು ಮಾನವಾದಾಗ ಮಾನವಿಲ್ಲವೆಂದು ಎಣಿಸಲಾದವರಿಗೆ ನೆರಳೂ ಇಲ್ಲ. ಅವರ ಪಾಲಿಗೆ ಉಳಿದದ್ದು ಕಂಬಳಿಯ ಕೊಪ್ಪೆ, ಸೆರಗು, ತಲೆಗೆ ಸುತ್ತಿದ ತುಂಡುಬಟ್ಟೆ. ಖಾನಾಪುರದ ಭತ್ತದ ಗದ್ದೆಗಳಲ್ಲಿ ಬಿದಿರು-ಎಲೆಗಳ ಗೊರಬು ಇತ್ತು. ಅಲ್ಲಿನ ಮರಾಠಿ ಭಾಷಿಕರು ಅದನ್ನು ‘ಇರಲೆ’ ಎನ್ನುತ್ತಾರೆ. ಅದು ಮಳೆಗೆ. ಬಿಸಿಲಿಗೆಂದೇ ಆಳುಮಕ್ಕಳಿಗೆ ಮರೆ ಬೇಕೆಂದು ಯೋಚಿಸಿದವರು ಕಡಿಮೆ.

ದಂಡಿನವರ ಟೊಪ್ಪಿಗೆ

1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾಯಿತು. ಮುಂದೆ 1832ರಲ್ಲಿ ಇಲ್ಲಿ ದಂಡುಪ್ರದೇಶ ನೆಲೆಗೊಂಡಿತು. ಅದರೊಡನೆ ಬಿಸಿಲನ್ನು ಕುರಿತ ಮತ್ತೊಂದು ಮನೋಧರ್ಮವೂ ಊರಿಗೆ ಬಂದಿತು. ಸೋಲಾ ಟೊಪ್ಪಿಗೆ ಅದರ ಕುರುಹು. ‘ಸೋಲಾ’ ಎಂಬುದಕ್ಕೂ ಸೂರ್ಯವಾಚಕವಾದ ಇಂಗ್ಲಿಷ್ ಪದಕ್ಕೂ ಸಂಬಂಧವಿಲ್ಲ. ಜೌಗಿನಲ್ಲಿ ಬೆಳೆಯುವ ಶೋಲಾ ಎಂಬ ಗಿಡದ ಹಗುರವಾದ ಬೆಂಡಿನಿಂದ ಮಾಡಿದ್ದರಿಂದ ಆ ಹೆಸರು.

ಉಷ್ಣವಲಯದ ಸೂರ್ಯನ ಕಿರಣಗಳು ಬಿಳಿಯರ ತಲೆಬುರುಡೆಯನ್ನು ತೂರಿ ಮಿದುಳನ್ನು ಕೆಡಿಸುತ್ತವೆ, ದೇಶೀಯರ ಬುರುಡೆ ದಪ್ಪವಾದ್ದರಿಂದ ಅವರಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಆ ಕಾಲದಲ್ಲಿ ಪ್ರಬಲವಾಗಿತ್ತು. ವೈದ್ಯರೂ ಇದನ್ನು ಒಪ್ಪಿದ್ದರು. ಬೆನ್ನುಹುರಿಯ ರಕ್ಷಣೆಗೆಂದು ಬೆನ್ನಿಗೆ ಮೆತ್ತೆ ಕಟ್ಟಿಕೊಳ್ಳುವವರಿದ್ದರು. ಅಮೆರಿಕದ ಸೈನ್ಯವು ಫಿಲಿಪ್ಪೀನ್ಸ್ ದ್ವೀಪಗಳಲ್ಲಿ 20ನೆಯ ಶತಮಾನದ ಆರಂಭದಲ್ಲಿ ಸೈನಿಕರಿಗೆ ಕಿತ್ತಳೆಗೆಂಪು ಬಣ್ಣದ ಒಳಉಡುಪು ತೊಡಿಸಿ, ಆ ಬಣ್ಣ ಕಿರಣಗಳನ್ನು ತಡೆಯುವುದೇ ಎಂದು ಪ್ರಯೋಗವನ್ನೇ ನಡೆಸಿತು. ನಿರೀಕ್ಷಿಸಿದ ಪ್ರಯೋಜನ ಕಾಣಲಿಲ್ಲ. ಬಿಸಿಲಿನ ಹೊಡೆತವೆಂದರೆ ದೇಹವು ತನ್ನ ಕಾವನ್ನು ಹೊರಹಾಕಲಾರದೆ ಸೋಲುವುದೇ ಹೊರತು ಕಿರಣವು ಬುರುಡೆಯನ್ನು ತೂರುವುದಲ್ಲ ಎಂಬುದು ಈಗ ನಿಶ್ಚಿತವಾಗಿದೆ. ಅದು ಬಿಳಿಯರನ್ನೂ ಕರಿಯರನ್ನೂ ಒಂದೇ ಸಮನೆ ಕೊಲ್ಲಬಲ್ಲದು.

ಎರಡನೆಯ ಮಹಾಯುದ್ಧದ ವೇಳೆಗೆ ಸೈನ್ಯಗಳು ಈ ಟೊಪ್ಪಿಗೆಯನ್ನು ಬಿಟ್ಟವು. ಯಾರ ಮಿದುಳೂ ಕರಗಲಿಲ್ಲ. ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಜಾರ್ಜ್ ಆರ್ವೆಲ್ 1944ರಲ್ಲಿ ಬರೆಯುತ್ತ, ಈ ಇಡೀ ನಂಬಿಕೆ ಆಳುವವರನ್ನು ಆಳಿಸಿಕೊಳ್ಳುವವರಿಂದ ಬೇರ್ಪಡಿಸುವ ಗುರುತಾಗಿತ್ತೆಂದು ವಿಶ್ಲೇಷಿಸಿದರು. ಟೊಪ್ಪಿಗೆ ನೆರಳು ಕೊಡುತ್ತಿದ್ದುದು ನಿಜ. ಆದರೆ ಅದನ್ನು ತಲೆಯ ಮೇಲೆ ಇಡಿಸಿದ್ದು ಜನಾಂಗದ ಮೇಲರಿಮೆ. ಇದೇ ತರ್ಕದ ಇನ್ನೊಂದು ಮುಖ ನಮಗೆ ಹೆಚ್ಚು ಮುಖ್ಯವಾದುದು. ದೇಶೀಯನಿಗೆ ಬಿಸಿಲು ತಾಗುವುದಿಲ್ಲವೆಂದಾದ ಮೇಲೆ ಅವನನ್ನು ಎಷ್ಟು ಹೊತ್ತು ಬೇಕಾದರೂ ಬಿಸಿಲಿನಲ್ಲಿ ದುಡಿಸಬಹುದಲ್ಲವೆ? ಇಂಗ್ಲಿಷರು ಹೋದರು, ‘ಅವರಿಗೆ ಬಿಸಿಲು ರೂಢಿಯಾಗಿದೆ ಬಿಡಿ’ ಎಂಬ ಮಾತು ನಮ್ಮ ಬಾಯಿಯಲ್ಲಿ ಉಳಿದುಕೊಂಡಿತು.

ಗಾಂಧೀಜಿಯ ಒಂದು ಅವಲೋಕನ

1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವೆಂಬುದು ಎಲ್ಲರೂ ಬಲ್ಲ ಸಂಗತಿ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳ್ತನ, ನಾ. ಸು. ಹರ್ಡೀಕರರ ಸ್ವಯಂಸೇವಕರು, ನೀರಿಗಾಗಿ ತೋಡಿದ ಬಾವಿ ಇವೆಲ್ಲ ಮತ್ತೆ ಮತ್ತೆ ಸ್ಮರಿಸಲ್ಪಟ್ಟಿವೆ. ಆ ಕಾಲಕ್ಕೆ ಬಿಳಿಯ ಖಾದಿ ಟೊಪ್ಪಿಗೆ ದೇಶಭಕ್ತಿಯ ಲಾಂಛನವಾಗಿತ್ತು; ಸೋಲಾ ಟೊಪ್ಪಿಗೆ ದಾಸ್ಯದ ಲಾಂಛನ. ಗಾಂಧೀಜಿಯಾದರೋ 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿಯೇ ಅಂಗಿ-ಟೊಪ್ಪಿಗೆಗಳನ್ನು ತೊರೆದಿದ್ದರು.

ಕುತೂಹಲಕರವಾದುದು ಮುಂದಿನ ಸಂಗತಿ. 1929ರಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅದೇ ಗಾಂಧೀಜಿ ಸೋಲಾ ಟೊಪ್ಪಿಗೆಯನ್ನು ಯುರೋಪಿನಿಂದ ಬಂದ ಕೆಲವೇ ಉಪಕಾರಗಳ ಸಾಲಿಗೆ ಸೇರಿಸಿ ಮೆಚ್ಚಿದರು. ನಮ್ಮ ಬಿಸಿಲಿಗೆ ಅದು ಯೋಗ್ಯವಾದ ವಸ್ತು. ಅದರ ಪ್ರಸಾರಕ್ಕೆ ಅಡ್ಡಿಯಾಗಿರುವುದು ಜನರ ಬಲವಾದ ಪೂರ್ವಗ್ರಹವೇ ಎಂಬುದು ಅವರ ಮಾತಿನ ಸಾರ. ತಮ್ಮ ರಾಷ್ಟ್ರೀಯತೆಯೂ ಅದನ್ನು ವಿರೋಧಿಸುತ್ತದೆಂಬುದನ್ನು ಅವರು ಮುಚ್ಚಿಡಲಿಲ್ಲ. ಖಾದಿ ಟೊಪ್ಪಿಗೆಗೆ ಅಂಚಿಲ್ಲ. ಅದು ಕಿವಿಗಾಗಲಿ ಕತ್ತಿಗಾಗಲಿ ಕಣ್ಣಿಗಾಗಲಿ ನೆರಳು ಕೊಡುವುದಿಲ್ಲ. ಅಗಲ ಅಂಚಿನ ಟೊಪ್ಪಿಗೆ ಕೊಡುತ್ತದೆ. ಆದರೆ ಒಂದು ನಮ್ಮದು, ಇನ್ನೊಂದು ಅವರದು. ಬಿಸಿಲಿಗೆ ಈ ಲೆಕ್ಕ ತಿಳಿಯದು, ಮನಸ್ಸಿಗೆ ತಿಳಿಯುತ್ತದೆ. ಇಂಗ್ಲಿಷರು ಮೇಲರಿಮೆಯಿಂದ ಅದನ್ನು ಧರಿಸಿದರು. ನಾವು ಸ್ವಾಭಿಮಾನದಿಂದ ಬಿಟ್ಟೆವು. ಎರಡೂ ಕಡೆ ತೀರ್ಮಾನಿಸಿದ್ದು ತಲೆಯ ಮೇಲಿನ ಸೂರ್ಯನಲ್ಲ.

ನಮ್ಮದೇ ಆದ ಒಂದು ಒಳ್ಳೆಯ ಮರೆಯೂ ಇತ್ತು. ಅದು ರುಮಾಲು. ಹಲವು ಮೊಳದ ಬಟ್ಟೆಯನ್ನು ಸುತ್ತಿದಾಗ ನೆತ್ತಿ, ಹಣೆ, ಕೆಲವೊಮ್ಮೆ ಕಿವಿಗಳೂ ಮುಚ್ಚುತ್ತಿದ್ದವು. ಸುತ್ತುಗಳ ನಡುವಿನ ಗಾಳಿ ಕಾವನ್ನು ತಡೆಯುತ್ತಿತ್ತು. ಆದರೆ ನಮ್ಮ ಹಿರಿಯರು ಅದನ್ನು ಸುತ್ತಿದ್ದು ಮರ್ಯಾದೆಗಾಗಿ. ಬರಿದಲೆಯಲ್ಲಿ ಹಿರಿಯರೆದುರು ನಿಲ್ಲುವುದು ಅಶುಭ, ಅಗೌರವ. 20ನೆಯ ಶತಮಾನದ ನಡುಭಾಗದಲ್ಲಿ ಓದಿದ ತರುಣರು ರುಮಾಲನ್ನು ಹಳ್ಳಿಗತನವೆಂದು ಬಿಟ್ಟರು. ಮರ್ಯಾದೆಯ ಅರ್ಥ ಹೋದೊಡನೆ ರಕ್ಷಣೆಯೂ ಹೋಯಿತು. ಹೋದದ್ದನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ಇದ್ದಾಗಲೂ ಅದನ್ನು ರಕ್ಷಣೆಯೆಂದು ಎಣಿಸಿರಲಿಲ್ಲ. ಇಂದು ಬೆಳಗಾವಿಯ ಬೀದಿಯಲ್ಲಿ ಮಳೆಗೆ ಕೊಡೆ ಬಿಚ್ಚುವ ಗಂಡಸರು ಸಾವಿರಾರು. ಬಿಸಿಲಿಗೆ ಬಿಚ್ಚುವವರು ಎಷ್ಟು ಮಂದಿ? ಬಿಸಿಲಿಗೆ ಹೆದರುವುದು ಗಂಡಸಿಗೆ ಸಲ್ಲದು ಎಂಬ ಅಲಿಖಿತ ಶಾಸನ ಅವರ ಕೈಯನ್ನು ಹಿಡಿದಿದೆ.

ಅತ್ತ ಕಂದುವ ಆಸೆ, ಇತ್ತ ಬೆಳ್ಳಗಾಗುವ ಆಸೆ

ಯುರೋಪಿನಲ್ಲಿಯೂ ಹಿಂದೆ ಬಿಸಿಲಿಗೆ ಕಂದಿದ ಮೈ ರೈತಾಪಿ ಜನರ ಗುರುತಾಗಿತ್ತು. ಸಿರಿವಂತ ಸ್ತ್ರೀಯರು ಕೈಗವಸು, ಮುಸುಕು, ಕೊಡೆಗಳಿಂದ ಬಿಳುಪನ್ನು ಕಾಯ್ದುಕೊಳ್ಳುತ್ತಿದ್ದರು. ಕಾರ್ಮಿಕರು ಹೊಲ ಬಿಟ್ಟು ಕಾರ್ಖಾನೆಯ ಒಳಗೆ ಹೋದ ಮೇಲೆ ಬಡವನ ಮೈ ಬಿಳಿಚಿಕೊಂಡಿತು. ನೀಲ್ಸ್ ಫಿನ್ಸೆನ್ ಬೆಳಕಿನ ಚಿಕಿತ್ಸೆಗಾಗಿ 1903ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಬಳಿಕ ಬಿಸಿಲು ಆರೋಗ್ಯವೆಂಬ ಭಾವನೆ ಬೆಳೆಯಿತು. 1920ರ ದಶಕದಲ್ಲಿ ಕಡಲತೀರದಲ್ಲಿ ರಜೆ ಕಳೆಯಬಲ್ಲ ಧನಿಕರ ಕಂದುಮೈ ಸೊಗಸಿನ ಮಾದರಿಯಾಯಿತು. ಮೈಯನ್ನು ಕೃತಕವಾಗಿ ಕಂದಿಸುವ ನೇರಳಾತೀತ ದೀಪಗಳ ಅಂಗಡಿಗಳು ಹುಟ್ಟಿದವು. ಇಂತಹ ಸಾಧನಗಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಸಾರಿತು.

ನಮ್ಮಲ್ಲಿ ಹೊಲ ಬಿಟ್ಟು ಒಳಗೆ ಹೋದವರು ಗುಮಾಸ್ತರು, ಅಧಿಕಾರಿಗಳು. ಬಿಸಿಲಿನಲ್ಲಿ ಉಳಿದವರು ಬಡವರು. ಆದ್ದರಿಂದ ಬಿಳುಪೇ ಮಾನವಾಗಿ ಮುಂದುವರಿಯಿತು. ಮುಂಬಯಿಯಲ್ಲಿ 1919ರಲ್ಲಿ ಹುಟ್ಟಿದ ಅಫ್ಘನ್ ಸ್ನೋ, 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಈ ಆಸೆಯನ್ನು ಡಬ್ಬಿಯಲ್ಲಿ ತುಂಬಿ ಮಾರಿದವು. 2014ರಲ್ಲಿ ಜಾಹೀರಾತು ಗುಣಮಟ್ಟ ಮಂಡಳಿಯು ಕಪ್ಪು ಮೈಯವರನ್ನು ಕೀಳಾಗಿ ತೋರಿಸಬಾರದೆಂದು ನಿಯಮ ಮಾಡಿತು. 2020ರಲ್ಲಿ ಆ ಕ್ರೀಮಿನ ಹೆಸರೂ ಗ್ಲೋ ಅಂಡ್ ಲವ್ಲಿ ಎಂದು ಬದಲಾಯಿತು. ಹೆಸರು ಬದಲಾಯಿತು, ಕನ್ಯೆಯನ್ನು ನೋಡಲು ಬಂದವರ ಕಣ್ಣು ಬದಲಾಯಿತೆ? ಪಶ್ಚಿಮದ ಅಂಗಡಿಯಲ್ಲಿ ಹಣ ಕೊಟ್ಟು ಮೈ ಕಂದಿಸಿಕೊಳ್ಳುತ್ತಾರೆ, ನಮ್ಮ ಊರಿನ ಪಾರ್ಲರಿನಲ್ಲಿ ಹಣ ಕೊಟ್ಟು ‘ಟ್ಯಾನ್’ ತೆಗೆಸುತ್ತಾರೆ. ದಿಕ್ಕು ಬೇರೆ; ಎರಡೂ ಕಡೆ ಬಿಡುವುಳ್ಳವರ ಮೈಬಣ್ಣವನ್ನು ಪಡೆಯುವ ಹಂಬಲ ಒಂದೇ.

ಮನಶ್ಶಾಸ್ತ್ರಜ್ಞರು 1998ರಿಂದೀಚೆಗೆ ಬಳಸುತ್ತಿರುವ ಒಂದು ಪರೀಕ್ಷೆಯಿದೆ. ಎರಡು ಸಂಗತಿಗಳನ್ನು ಮನಸ್ಸು ಎಷ್ಟು ಬೇಗ ಜೋಡಿಸುತ್ತದೆ ಎಂಬುದನ್ನು ಕ್ಷಣದ ಅಂಶಗಳಲ್ಲಿ ಅಳೆದು, ಹೇಳದ ಒಲವನ್ನು ಅದು ಹೊರತರಲು ಯತ್ನಿಸುತ್ತದೆ. ನಮ್ಮ ಮನೆಗಳಲ್ಲಿ ಅಂತಹ ಯಂತ್ರ ಬೇಕಿಲ್ಲ, ಮಾತೇ ಸಾಕು. ‘ಬಿಸಲಾಗ ತಿರಗಬ್ಯಾಡವಾ, ಕರ್ರಗಾಗ್ತಿ’ ಎಂದು ಮಗಳಿಗೆ ಹೇಳುತ್ತೇವೆ, ಮಗನಿಗೆ ಹೇಳುವುದಿಲ್ಲ. ಹೇಳುವಾಗಲೂ ‘ತಲೆ ತಿರುಗೀತು’, ‘ಕಣ್ಣಿಗೆ ಕೇಡಾದೀತು’ ಎನ್ನುವುದಿಲ್ಲ. ‘ಮಗು ಕಪ್ಪಾದರೂ ಲಕ್ಷಣವಾಗಿದೆ’ ಎನ್ನುವಾಗಿನ ಆ ‘ಆದರೂ’ ಎಂಬ ಅವ್ಯಯ ಎಷ್ಟು ಶತಮಾನಗಳ ಭಾರವನ್ನು ಹೊತ್ತಿದೆ ಎಂಬುದನ್ನು ವ್ಯಾಕರಣ ಕಲಿಸುವ ನಾವು ವಿದ್ಯಾರ್ಥಿಗಳಿಗೆ ತೋರಿಸಬೇಕು.

ದೇಹವೇ ಹಿಡಿಯುವ ಕೊಡೆ

ಈ ಬಣ್ಣವೆಂದರೇನು? ಮನುಷ್ಯರೆಲ್ಲರ ಚರ್ಮದಲ್ಲಿ ವರ್ಣಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ ಎಂಬ ಕಪ್ಪುದ್ರವ್ಯದ ಪ್ರಮಾಣ, ಬಗೆ ಮತ್ತು ಹರಡಿಕೆಯಲ್ಲಿ ವ್ಯತ್ಯಾಸ. ಬಿಸಿಲಿನ ನೇರಳಾತೀತ ಕಿರಣ ಜೀವಕೋಶದ ಕೇಂದ್ರದಲ್ಲಿರುವ ವಂಶದ್ರವ್ಯವನ್ನು ಕೆಡಿಸಿದಾಗ ದೇಹ ಹೆಚ್ಚು ಮೆಲನಿನ್ ತಯಾರಿಸುತ್ತದೆ. ಅದರ ಕಣಗಳು ಚರ್ಮದ ಕೋಶಗಳನ್ನು ಸೇರಿ, ಕೋಶಕೇಂದ್ರದ ಮೇಲ್ಭಾಗದಲ್ಲಿ, ಸೂರ್ಯನಿಗೆ ಎದುರಾದ ಬದಿಯಲ್ಲಿ, ಟೊಪ್ಪಿಗೆಯಂತೆ ನೆರೆಯುತ್ತವೆ. ಬಿಸಿಲಿಗೆ ಕಪ್ಪಾಗುವುದೆಂದರೆ ದೇಹವು ಕೋಶಕೋಶಕ್ಕೂ ಒಂದೊಂದು ಕೊಡೆ ಹಿಡಿಯುವುದು. ಬೆಳ್ಗೊಡೆಯನ್ನು ಕೊಂಡಾಡಿದ ನಾವು ಈ ಕರಿಗೊಡೆಯನ್ನು ಹಳಿಯುತ್ತೇವೆ.

ಕಪ್ಪು ಚರ್ಮದವರಿಗೆ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆಯಾಗಿರುವುದು ಈ ಕೊಡೆಯ ಉಪಕಾರ. ಆದರೆ ಇದು ಪೂರ್ಣರಕ್ಷೆಯಲ್ಲ. ಕಣ್ಣಿನ ಪೊರೆಯ ಕಾರಣಗಳಲ್ಲಿ ನೇರಳಾತೀತ ಕಿರಣವೂ ಒಂದು. ಮೈಬಣ್ಣ ಅದನ್ನು ತಡೆಯದು. ಬಿಸಿಲಿನ ಹೊಡೆತವನ್ನೂ ಮೆಲನಿನ್ ತಡೆಯದು. ಹುಟ್ಟಿನಿಂದಲೇ ಮೆಲನಿನ್ ಇಲ್ಲದವರು ನಮ್ಮ ನಡುವೆಯೇ ಇದ್ದಾರೆ. ತೊನ್ನು ಇರುವವರಿಗೆ ಆ ಭಾಗದ ಚರ್ಮದಲ್ಲಿ ಕೊಡೆಯಿಲ್ಲ. ಬಣ್ಣವನ್ನಷ್ಟೇ ನೋಡುವ ಸಮಾಜ ಅವರನ್ನು ದಿಟ್ಟಿಸಿ ನೋಡುತ್ತದೆ, ಅವರಿಗೆ ನೆರಳು ಬೇಕೆಂಬುದನ್ನು ನೋಡುವುದಿಲ್ಲ. ಇನ್ನೂ ದೊಡ್ಡ ಅನಾಹುತವೆಂದರೆ ಬೆಳ್ಳಗಾಗಲೆಂದು ಸ್ಟಿರಾಯ್ಡ್ ಮುಲಾಮುಗಳನ್ನು ಮುಖಕ್ಕೆ ಹಚ್ಚುವ ಚಾಳಿ. ಅವು ಚರ್ಮವನ್ನು ತೆಳುವಾಗಿಸಿ ಬಿಸಿಲಿಗೆ ಉರಿಯುವಂತೆ ಮಾಡುತ್ತವೆ. ಹೀಗಾಗಿಯೇ 2018ರಲ್ಲಿ ಕೇಂದ್ರ ಸರಕಾರ ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಬಿಸಿಲಿಗೆ ಕಪ್ಪಾಗುವ ಭಯ ಕೊನೆಗೆ ಬಿಸಿಲನ್ನೇ ತಾಳಲಾರದ ಚರ್ಮವನ್ನು ತಂದಿತ್ತಿತು.

ಕೃಷ್ಣಶಿಲೆಯ ನೇಮಿನಾಥ

ಈ ಧೋರಣೆಗೆ ನಮ್ಮ ಶಾಸ್ತ್ರಗಳ ಬೆಂಬಲವಿದೆಯೆ ಎಂದು ಕೇಳುವವರಿದ್ದಾರೆ. ಜೈನ ಸಿದ್ಧಾಂತದಲ್ಲಿ ಆರು ಲೇಶ್ಯೆಗಳಿವೆ: ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ. ಹಣ್ಣಿಗಾಗಿ ನೇರಳೆ ಮರವನ್ನು ಬುಡಸಮೇತ ಕಡಿಯಲು ಹೊರಡುವವನದು ಕೃಷ್ಣಲೇಶ್ಯೆ. ನೆಲಕ್ಕೆ ಬಿದ್ದ ಹಣ್ಣುಗಳೇ ಸಾಕೆನ್ನುವವನದು ಶುಕ್ಲಲೇಶ್ಯೆ. ಕೆಡುಕಿಗೆ ಕಪ್ಪು, ಒಳಿತಿಗ್ಗೆ ಬಿಳುಪು ಎಂಬ ರೂಪಕ ಇಲ್ಲಿಯೂ ಇದೆಯೆಂಬುದನ್ನು ಒಪ್ಪಬೇಕು. ಆದರೆ ಶಾಸ್ತ್ರಕಾರರು ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆದಿದ್ದಾರೆ. ಮೈಯ ಬಣ್ಣ ದ್ರವ್ಯಲೇಶ್ಯೆ. ಕಷಾಯದಿಂದ ಬಣ್ಣಗೊಂಡ ಮನದ ಪ್ರವೃತ್ತಿ ಭಾವಲೇಶ್ಯೆ. ಗೊಮ್ಮಟಸಾರದ ಜೀವಕಾಂಡ ಲೇಶ್ಯಾಮಾರ್ಗಣೆಯಲ್ಲಿ ಈ ವಿಂಗಡಣೆಯನ್ನು ವಿಸ್ತರಿಸುತ್ತದೆ. ಒಂದರಿಂದ ಇನ್ನೊಂದನ್ನು ಅಳೆಯುವುದು ಶಾಸ್ತ್ರಸಮ್ಮತವಲ್ಲ.

ಇದಕ್ಕೆ ಕಣ್ಣೆದುರಿನ ಸಾಕ್ಷಿ ಬೆಳಗಾವಿಯ ಕೋಟೆಯೊಳಗೇ ಇದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಕಮಲಬಸದಿಯಲ್ಲಿ ನೇಮಿನಾಥ ಸ್ವಾಮಿಯ ಬಿಂಬ ಕರಿಯ ಶಿಲೆಯದು. ದಿಗಂಬರ ಪರಂಪರೆಯಲ್ಲಿ 24 ತೀರ್ಥಂಕರರಲ್ಲಿ ಇಬ್ಬರು ಬಿಳಿ, ಇಬ್ಬರು ಕೆಂಪು, ಇಬ್ಬರು ಹಸಿರು, 16 ಮಂದಿ ಹೊಂಬಣ್ಣ. ಮುನಿಸುವ್ರತ ಮತ್ತು ನೇಮಿನಾಥ ಇಬ್ಬರು ಇಂದ್ರನೀಲದಂತೆ ಶ್ಯಾಮವರ್ಣದವರು. ಮದುವೆಯ ದಿಬ್ಬಣದಲ್ಲಿ ಸಾಗುತ್ತಿದ್ದಾಗ ಅಡಿಗೆಗೆಂದು ಕೂಡಿಹಾಕಿದ ಪ್ರಾಣಿಗಳ ಗೋಳು ಕೇಳಿ ರಥವನ್ನು ಹಿಂದಿರುಗಿಸಿದ ಆ ಮದುಮಗ ಕಪ್ಪುಮೈಯವನು. ಅವನ ಕಥೆ ಹೇಳಿದ ಕನ್ನಡ ಕವಿಗಳಿಗೆ ಆ ಬಣ್ಣ ಕೊರತೆಯಾಗಿ ಕಾಣಲಿಲ್ಲ. ಮಹಾಭಾರತದ ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದದ್ದೂ ಮೈಬಣ್ಣದಿಂದ. ಹೀಗಿರುವಾಗ ಬಸದಿಯಲ್ಲಿ ಕರಿಯ ನೇಮಿನಾಥನಿಗೆ ಕೈಮುಗಿದು ಹೊರಬಂದು, ವಧುವಿನ ಕೈಯ ಬಣ್ಣವನ್ನು ಓರೆಗಣ್ಣಿನಿಂದ ನೋಡುವ ನಮ್ಮ ನಡತೆಗೆ ಯಾವ ಶಾಸ್ತ್ರದ ಆಧಾರವೂ ಸಿಗದು. ಅದು ನಮ್ಮ ಭಾವಲೇಶ್ಯೆಯ ಮಾತು.

ಖಾನಾಪುರ ರಸ್ತೆಯ ಎರಡು ಮುಸುಕುಗಳು

ಇಂದು ಬೆಳಗಾವಿಯ ಖಾನಾಪುರ ರಸ್ತೆಯಲ್ಲಿ ನಡುಹಗಲಿನಲ್ಲಿ ನಿಂತರೆ ಸ್ಕೂಟರಿನ ಮೇಲೆ ಹೋಗುವ ವಿದ್ಯಾರ್ಥಿನಿಯರು ಕಣ್ಣೊಂದನ್ನು ಬಿಟ್ಟು ಮುಖವೆಲ್ಲ ಮುಚ್ಚುವಂತೆ ಸ್ಕಾರ್ಫ್ ಸುತ್ತಿ, ಮೊಣಕೈವರೆಗೆ ಕೈಗವಸು ತೊಟ್ಟಿರುವುದು ಕಾಣುತ್ತದೆ. ಅದೇ ರಸ್ತೆ ಊರು ದಾಟಿ ಭತ್ತದ, ಕಬ್ಬಿನ ಸೀಮೆಗೆ ಹೋದಾಗ ಅಲ್ಲಿಯೂ ಮುಸುಕಿನ ಹೆಂಗಸರಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಬಿಗಿದ ಬಟ್ಟೆ. ಎರಡನೆಯದು ಬಿಸಿಲಿಗೂ ಕಬ್ಬಿನ ರವದಿಯ ಗೀರಿಗೂ ಮಾಡಿಕೊಂಡ ವಿವೇಕದ ಉಪಾಯ. ಮೊದಲನೆಯದೂ ಒಳ್ಳೆಯ ರಕ್ಷಣೆಯೇ. ಆದರೆ ಅದರ ಪ್ರೇರಣೆ ಬಹುಮಟ್ಟಿಗೆ ಬಣ್ಣ. ಕಾರಣ ಬೇರೆಯಾದರೂ ಫಲ ಒಳ್ಳೆಯದಾದರೆ ಸಾಲದೇ ಎಂದು ಕೇಳಬಹುದು. ಸಾಲದು. ರುಮಾಲಿನ ಚರಿತ್ರೆ ಇದನ್ನು ತೋರಿಸಿದೆ: ತಪ್ಪು ಕಾರಣದ ಮೇಲೆ ನಿಂತ ಒಳ್ಳೆಯ ರೂಢಿ ಆ ಕಾರಣ ಬಿದ್ದೊಡನೆ ಬೀಳುತ್ತದೆ. ಬಣ್ಣದ ಭಯದಿಂದ ಮುಚ್ಚಿಕೊಂಡ ಹುಡುಗಿ ಕಣ್ಣಿಗೆ ಕನ್ನಡಕ ಹಾಕುವುದಿಲ್ಲ, ಏಕೆಂದರೆ ಕಣ್ಣು ಕಪ್ಪಾಗುವುದಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತ ಅವಳ ತಮ್ಮ ಬರಿದಲೆಯಲ್ಲಿದ್ದಾನೆ, ಏಕೆಂದರೆ ಅವನಿಗೆ ಯಾರೂ ಏನೂ ಹೇಳಿಲ್ಲ. ಬಿಸಿಲನ್ನು ಪೂರ್ತಿ ದೂರವಿಟ್ಟವರಲ್ಲಿ ಡಿ ಜೀವಸತ್ವದ ಕೊರತೆಯೂ ಕಾಣುತ್ತದೆ. ಇಷ್ಟು ಬಿಸಿಲಿನ ನಾಡಿನಲ್ಲಿ ಇದೊಂದು ವಿಪರ್ಯಾಸ.

ಬಿಸಿಲಿನ ಮುಲಾಮು ಕೂಡ ನಮ್ಮಲ್ಲಿ ಸೌಂದರ್ಯಸಾಧನದ ಕಪಾಟಿನಲ್ಲಿಯೇ ಕುಳಿತಿದೆ. ಎಸ್‌ಪಿಎಫ್ 30 ಇರುವ ಮುಲಾಮನ್ನು ಸರಿಯಾಗಿ ಹಚ್ಚಿದರೆ ಚರ್ಮವನ್ನು ಸುಡುವ ಕಿರಣಗಳಲ್ಲಿ ಸುಮಾರು ಶೇಕಡಾ 97ರಷ್ಟನ್ನು ತಡೆಯುತ್ತದೆ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ದಿನಗೂಲಿಯವರಿಗೆ ಅದು ಎಟುಕದು. ಅವರಿಗೆ ಎಟುಕುವುದು ಬಟ್ಟೆ, ಅಗಲ ಅಂಚಿನ ಟೊಪ್ಪಿಗೆ, ನೀರು, ನೆರಳು, ವೇಳೆ. ಆಸ್ಟ್ರೇಲಿಯಾದಲ್ಲಿ 1981ರಲ್ಲಿ ಆರಂಭವಾದ ಪ್ರಸಿದ್ಧ ಅಭಿಯಾನವೂ ಅಂಗಿ ತೊಡು, ಮುಲಾಮು ಹಚ್ಚು, ಟೊಪ್ಪಿಗೆ ಹಾಕು ಎಂಬ ಮೂರು ಮಾತನ್ನೇ ಹೇಳಿತು. ಅದರಲ್ಲಿ ಅಂದದ ಪ್ರಸ್ತಾಪವಿರಲಿಲ್ಲ.

ವೇಳೆಯ ವಿಷಯದಲ್ಲಿ ಸರಕಾರಕ್ಕೆ ಅರಿವಿಲ್ಲದೆ ಇಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ನಮ್ಮ ಬೆಳಗಾವಿ ವಿಭಾಗದ ವಿಜಯಪುರ ಮತ್ತು ಬಾಗಲಕೋಟೆಗಳಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುವ ಪದ್ಧತಿಯಿದೆ. 2005ರ ಉದ್ಯೋಗ ಖಾತರಿ ಕಾಯ್ದೆಯು ಕೆಲಸದ ಜಾಗದಲ್ಲಿ ಕುಡಿಯುವ ನೀರು, ವಿಶ್ರಾಂತಿಯ ವೇಳೆಗೆ ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ವಿಧಿಸಿತು. ಆದರೆ ಖಾಸಗಿ ಗದ್ದೆ, ಕಟ್ಟಡ, ಭಟ್ಟಿಗಳಲ್ಲಿ ನಡುಹಗಲಿನ ಬಿಡುವು ಧಣಿಯ ಮನಸ್ಸಿಗೆ ಬಿಟ್ಟದ್ದು. ಸೂರಿನ ಕೆಳಗೆ ಕುಳಿತು ಬರೆಯುವವನ ವೇಳೆಯನ್ನು ಬಿಸಿಲು ನೋಡಿ ಬದಲಿಸಿದ ನಾವು, ಬಿಸಿಲಿನಲ್ಲೇ ನಿಂತವಳ ವೇಳೆಯನ್ನು ಬದಲಿಸಲು ಏಕೆ ಹಿಂಜರಿಯುತ್ತೇವೆ? ‘ಅವರಿಗೆ ರೂಢಿಯಾಗಿದೆ’ ಎಂಬ ಆ ಹಳೆಯ ದಂಡಿನ ಮಾತು ಇಲ್ಲಿ ಮತ್ತೆ ಕೇಳಿಸುತ್ತದೆ.

ಅರಸನ ಸತ್ತಿಗೆ, ಸಾಹೇಬನ ಟೊಪ್ಪಿಗೆ, ಹಿರಿಯರ ರುಮಾಲು, ಡಬ್ಬಿಯ ಕ್ರೀಮು ಇವೆಲ್ಲವೂ ನೆರಳನ್ನು ಮಾನಕ್ಕೆ ಕಟ್ಟಿಹಾಕಿದ ಬಗೆಗಳು. ಆ ಗಂಟನ್ನು ಬಿಚ್ಚುವ ಕೆಲಸ ಮನೆಯ ಮಾತಿನಿಂದ ಆರಂಭವಾಗಬಹುದು. ಮಗಳಿಗೆ ‘ಕಪ್ಪಾಗುತ್ತೀ’ ಎನ್ನುವ ಬದಲು ಮಗಳಿಗೂ ಮಗನಿಗೂ ‘ಬಿಸಿಲು ಜೋರಾಗಿದೆ, ತಲೆಗೆ ಏನಾದರೂ ಹಾಕಿಕೊ’ ಎನ್ನಬಹುದು. ಆಳುಗಳನ್ನು ಕರೆದವರು ಕೂಲಿಯ ಲೆಕ್ಕದ ಜತೆಗೆ ಮರದ ನೆರಳು, ಬಿಂದಿಗೆ ನೀರು, ಹನ್ನೆರಡರಿಂದ ಮೂರರವರೆಗಿನ ಬಿಡುವನ್ನೂ ಲೆಕ್ಕಕ್ಕೆ ಸೇರಿಸಬಹುದು. ಮೇ ತಿಂಗಳ ಆ ನಡುಹಗಲಿನಲ್ಲಿ ಯಾರ ನೆರಳೂ ನೆಲದ ಮೇಲೆ ಬೀಳುವುದಿಲ್ಲ. ಆಗ ಗದ್ದೆಯಲ್ಲಿರುವವರಿಗೆ ನೆರಳನ್ನು ಬೇರೆಯವರು ಒದಗಿಸಿಕೊಡಬೇಕಾಗುತ್ತದೆ.